ಕೊಯ್ದವರು ಹೊರಗೆ

ಪಿಂಕಿಯ ಹುಟ್ಟುಹಬ್ಬದ ಕೇಕನ್ನು ಚಿನ್ಮಯಿ ಕತ್ತರಿಸಿದಳು. ಪಿಂಕಿ ಕಿಟಕಿಯ ಆಚೆ, ಬೇವಿನ ಮರದ ಕೆಳಗೆ ನಿಂತು ಚಪ್ಪಾಳೆ ತಟ್ಟಿದಳು.

ಒಳಗಿದ್ದವರು ಅವಳ ಹೆಸರು ಹಿಡಿದು ಹಾಡಿದರು. ಹೆಸರು ಬಂದಾಗಲೆಲ್ಲ ಕಿಟಕಿಯತ್ತ ತಿರುಗಿ ಕೈ ಬೀಸಿದರು. ಕೇಕಿನ ಒಂದು ತುಂಡು ಪೇಪರ್ ತಟ್ಟೆಯಲ್ಲಿ ಸರಳುಗಳ ನಡುವಿನಿಂದ ಹೊರಗೆ ಬಂತು. ಸಂದು ಸಣ್ಣದು. ತಟ್ಟೆ ಓರೆಯಾಯಿತು. ಕ್ರೀಮಿನ ಗುಲಾಬಿ ಸರಳಿಗೆ ಮೆತ್ತಿಕೊಂಡಿತು.

"ಅಯ್ಯ, ಗುಲಾಬಿ ಇಲ್ಲೇ ಉಳೀತಲ್ಲ ಪಿಂಕಿ!" ಎಂದಳು ಚಿನ್ಮಯಿ.

"ಇರಲಿ ಬಿಡ. ಇರುವಿಗೂ ಹಬ್ಬ ಆಗಲಿ," ಎಂದು ಪಿಂಕಿ ನಕ್ಕಳು.

ಎಲ್ಲರೂ ನಕ್ಕರು. ಆ ಸಂಶೋಧನಾ ಕೇಂದ್ರದಲ್ಲಿ ನಗುವಿಗೇನೂ ಕೊರತೆಯಿರಲಿಲ್ಲ.

ಕೇಂದ್ರ ಇದ್ದದ್ದು ಹೈದರಾಬಾದಿನ ನಾರಾಯಣಗೂಡದ ಒಂದು ಹಳೆಯ ಬಂಗಲೆಯಲ್ಲಿ. ಸುತ್ತ ಕೋಚಿಂಗ್ ಕ್ಲಾಸುಗಳು, ನಡುವೆ ಇವರ ಕಾಂಪೌಂಡು. ನಗರದ ಕಾಡುಹಕ್ಕಿಗಳು ಯಾಕೆ ಸಾಯುತ್ತವೆ ಎಂದು ತಿಳಿಯುವುದು ಇವರ ಕೆಲಸ. ಸಂಕ್ರಾಂತಿಗೆ ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ಕತ್ತು ಸೀಳಿಕೊಂಡ ಹದ್ದುಗಳು ಬರುತ್ತಿದ್ದವು. ಬೇಸಿಗೆಗೆ ಕೆರೆಗಳಿಂದ ಕೊಕ್ಕರೆಗಳು. ವಿದ್ಯುತ್ ತಂತಿಗೆ ಬಡಿದ ಗೂಬೆಗಳಿಗೆ ಕಾಲದ ಹಂಗಿಲ್ಲ, ವರ್ಷವಿಡೀ ಬರುತ್ತಿದ್ದವು. ಬಂದ ಹಕ್ಕಿಯನ್ನು ಯಾರಾದರೂ ಕೊಯ್ಯಬೇಕು. ಹೊಟ್ಟೆ ತೆರೆದು, ಪಿತ್ತಕೋಶ ಒಡೆಯದ ಹಾಗೆ ಯಕೃತ್ತು ಬಿಡಿಸಿ, ಮೂತ್ರಪಿಂಡ, ಮಿದುಳು, ಹೊಟ್ಟೆಯೊಳಗೆ ಉಳಿದ ಆಹಾರ ಎಲ್ಲವನ್ನೂ ಬೇರೆ ಬೇರೆ ಡಬ್ಬಿಗೆ ಹಾಕಬೇಕು. ಆ ಯಾರಾದರೂ ಎಂದರೆ ಪಿಂಕಿ. ಯಾವತ್ತೂ ಪಿಂಕಿ. ಹುಟ್ಟುಹಬ್ಬದ ದಿನ ಬೆಳಿಗ್ಗೆ ಒಂದು ಸತ್ತ ಹೆಜ್ಜಾರ್ಲೆ ಹಕ್ಕಿ ಬಂದಿತ್ತು, ಅದನ್ನೂ ಪಿಂಕಿಯೇ ಕೊಯ್ದಿದ್ದಳು.

ಪ್ಯಾಂಟ್ರಿಯ ಬಾಗಿಲಿಗೆ ಒಂದು ಬೋರ್ಡು ಅಂಟಿಸಿತ್ತು. ಇಂಗ್ಲಿಷಿನಲ್ಲಿತ್ತು. ಶವಪರೀಕ್ಷೆ ಮಾಡಿದವರು ಆ ದಿನ ಪ್ಯಾಂಟ್ರಿಯೊಳಗೆ ಬರಬಾರದು, ಜೈವಿಕ ಸುರಕ್ಷತೆಯ ದೃಷ್ಟಿಯಿಂದ ಎಂದು ಅದರ ಸಾರಾಂಶ. ಕೆಳಗೆ ಮುಖ್ಯಸ್ಥರಾದ ಡಾಕ್ಟರ್ ಪ್ರಾಣೇಶರ ಸಹಿ. ಬೋರ್ಡಿನ ಮೇಲೆ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಅಂಚಿಗೆ ಅಗಲ ಟೇಪು. ಚಹಾದ ಹಬೆಯೂ ಅದಕ್ಕೆ ತಾಗುವಂತಿರಲಿಲ್ಲ.

ಪಿಂಕಿ ಕೊಯ್ದ ಮೇಲೆ ಅಲ್ಲೇ ಇದ್ದ ಶವರಿನಲ್ಲಿ ಸ್ನಾನ ಮಾಡುತ್ತಿದ್ದಳು. ಬಟ್ಟೆ ಬದಲಿಸುತ್ತಿದ್ದಳು. ಯಾವ ಕ್ರಿಮಿಯೂ ಅಷ್ಟು ಸೋಪಿಗೆ ಉಳಿಯುವುದಿಲ್ಲ ಎಂದು ಎಂ.ಎಸ್ಸಿ. ಮಾಡಿದ ಯಾರಿಗಾದರೂ ಗೊತ್ತು. ಅವಳು ತೆಗೆದುಕೊಟ್ಟ ರಕ್ತವನ್ನೇ ಚಿನ್ಮಯಿ ದಿನವಿಡೀ ಗಾಜಿನ ಮೇಲೆ ಸವರಿ ನೋಡುತ್ತಿದ್ದಳು, ಆಮೇಲೆ ಕೈ ತೊಳೆದು ಪ್ಯಾಂಟ್ರಿಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದಳು. ಕಾಯಿಲೆ ಬಿದ್ದ ಹಕ್ಕಿಗಳನ್ನು ಎಲ್ಲರೂ ಎತ್ತಿಕೊಳ್ಳುತ್ತಿದ್ದರು, ಯಾಕೆಂದರೆ ಫೋಟೋದಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಹಕ್ಕಿ ಬದುಕಿದೆಯೋ ಸತ್ತಿದೆಯೋ ಎಂಬ ಭೇದ ವೈರಸ್ಸಿಗೆ ಇಲ್ಲ. ನಿಯಮಕ್ಕೆ ಇತ್ತು.

ಸತ್ತ ಹಕ್ಕಿ ಬಾರದ ದಿನವಿರಲಿಲ್ಲ, ಹಾಗಾಗಿ ಪಿಂಕಿಗೆ ಚಹಾ ಮೆಟ್ಟಿಲ ಮೇಲೆ, ಪೇಪರ್ ಕಪ್ಪಿನಲ್ಲಿ. ಸೇರಿದ ಹೊಸತರಲ್ಲಿ ಅವಳು ಸುಲ್ತಾನ್ ಬಜಾರಿನಿಂದ ಒಂದು ಪಿಂಗಾಣಿ ಮಗ್ಗು ತಂದಿದ್ದಳು. ಅದರ ಮೇಲೆ ಒಂದು ಸಿಟ್ಟಿನ ಗೂಬೆ. ಪ್ಯಾಂಟ್ರಿಯ ಪಾತ್ರೆ ಹೊರಗೆ ಹೋಗಬಾರದೆಂದು ಇನ್ನೊಂದು ನಿಯಮ. ಗೂಬೆ ಒಳಗೆ ಶೆಲ್ಫಿನ ಮೇಲೆ ಕೂತಿತ್ತು. ಪಿಂಕಿ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಒಬ್ಬರಿಗೊಬ್ಬರು ಕಿಟಕಿಯಲ್ಲಿ ಕಾಣುತ್ತಿದ್ದರು, ಅಷ್ಟೇ.

ಇದೆಲ್ಲ ಶುರುವಾದದ್ದು ಸಂದರ್ಶನದ ದಿನ. ಪ್ರಾಣೇಶ ಸರ್ ರಾಯಚೂರಿನವರು. ಅವಳ ಅರ್ಜಿ ನೋಡಿ ಮುಖ ಅರಳಿಸಿದ್ದರು.

"ಅರೆ, ನಮ್ಮ ಕಡೆಯವಳು! ಯಾವೂರವಾ?"

"ಲಿಂಗಸೂರು ತಾಲೂಕು ರೀ ಸರ್. ಹುಟ್ಟಿ ಬೆಳದದ್ದು ಇಲ್ಲೇ, ನಾಚಾರಂದಾಗ."

"ಲಿಂಗಸೂರಾಗ ಎಲ್ಲಿ?"

ಹೇಳಿದಳು.

"ಗೊತ್ತದ, ಗೊತ್ತದ. ನಮ್ಮ ಸೋದರಮಾವನ ಹೊಲ ಅದ ಅಲ್ಲಿ. ನಿಮ್ಮ ಮನಿ ಎಲ್ಲಿ ಬರ್ತದ? ಅಗಸಿ ಒಳಗೋ, ಹೊರಗೋ?"

ಸಂದರ್ಶನದ ಮೇಜಿನಲ್ಲಿ ಇನ್ನೂ ಇಬ್ಬರು ತೆಲುಗು ಪ್ರೊಫೆಸರುಗಳು ಇದ್ದರು. ಅವರಿಗೆ ಈ ಮಾತು ಊರಿನ ಬಾಗಿಲ ವಿಚಾರವಾಗಿ ಕೇಳಿಸಿರಬೇಕು. ಹೈದರಾಬಾದಿನಲ್ಲಿ ಈ ಪ್ರಶ್ನೆ ಕೇಳಲು ಕನ್ನಡದವರೇ ಬೇಕು.

"ಹೊರಗ ರೀ ಸರ್," ಎಂದಿದ್ದಳು ಪಿಂಕಿ.

"ಹೌದಾ. ಭಾಳ ಛಲೋ," ಎಂದಿದ್ದರು ಸರ್. ಕೆಲಸ ಸಿಕ್ಕಿತು. ವಾರ ಕಳೆಯುವುದರೊಳಗೆ ಕೊಯ್ಯುವ ಮೇಜು ಅವಳ ಪಾಲಿಗೆ ಬಂತು. ಇನ್ನೊಂದು ವಾರಕ್ಕೆ ಬಾಗಿಲಿಗೆ ಬೋರ್ಡು ಬಂತು. ಅವಳು ಮೊದಲ ಹದ್ದನ್ನು ಕೊಯ್ದಾಗ ಸರ್ ಬಾಗಿಲಲ್ಲಿ ನಿಂತು ನೋಡಿ ಹೊಗಳಿದ್ದರು. "ಏನ್ ಕೈ ಅದ! ಕಲಿತ್ರ ಬರೂದಲ್ಲ ಇದು. ರಕ್ತದಾಗ ಇರಬೇಕು."

ಆ ಹೊಗಳಿಕೆಯನ್ನು ಪಿಂಕಿ ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಂತೂ ಹೇಳಿರಲಿಲ್ಲ.

ಮನೆ ನಾಚಾರಂನಲ್ಲಿ, ಕಾರ್ಖಾನೆಗಳ ಸಾಲಿನ ಹಿಂದೆ. ಅಪ್ಪ ಅಮರೇಶಪ್ಪ ಪ್ಲಾಸ್ಟಿಕ್ ಡಬ್ಬಿ ಮಾಡುವ ಒಂದು ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸಕ್ಕಿದ್ದ. ಬೆನ್ನ ಮೇಲೆ ಡಬ್ಬಿಯ ಮೂಟೆ ಹೊತ್ತು ಹೊತ್ತು ಅವನ ಒಂದು ಭುಜ ಇನ್ನೊಂದಕ್ಕಿಂತ ಕೆಳಗೆ ಇಳಿದಿತ್ತು. ಸಂಜೆ ಪಿಂಕಿ ಉಳಿದ ಕೇಕನ್ನು ಡಬ್ಬಿಯಲ್ಲಿ ತಂದು ಬಿಚ್ಚಿದಾಗ ಅವ್ವ ಸಾವಿತ್ರಿಬಾಯಿ ಮೂಗು ಮುಂದೆ ಮಾಡಿದಳು.

"ಇದೇನಿದು, ಕೇಕ್ ಮ್ಯಾಲ ಯಾರರ ಕುಂತಿದ್ರೇನು? ಗುಲಾಬಿನ ಇಲ್ಲ. ಅದನ್ನ ಕೊಯ್ಯೂಮುಂದ ನಿನ್ನ ಕಣ್ಣು ಎಲ್ಲಿದ್ದುವು?"

"ನಾ ಕೊಯ್ದಿಲ್ಲವ್ವಾ. ಚಿನ್ಮಯಿ ಕೊಯ್ದಳು."

"ಹುಟ್ಟಿದ ಹಬ್ಬ ನಿಂದೋ, ಅಕಿದೋ?"

ಪಿಂಕಿ ತಮಾಷೆಯಾಗಿಯೇ ಹೇಳಲು ಹೊರಟಳು. ಹಾಡು, ಕಿಟಕಿ, ಸರಳಿಗೆ ಮೆತ್ತಿದ ಗುಲಾಬಿ, ಒಳಗೊಂದು ಗೂಬೆ ಹೊರಗೊಂದು ಗೂಬೆ. ಅವ್ವ ನಗಲಿಲ್ಲ. ಗೋಡೆಗೆ ಒರಗಿ ಕೂತಿದ್ದ ಅಪ್ಪನೂ ನಗಲಿಲ್ಲ.

"ಹೊರಗ ಯಾಕ ನಿಂತಿದ್ದಿ?" ಎಂದ.

"ಕೊಯ್ದಿದ್ನಲ್ಲ ಅಪ್ಪಾ. ಹಕ್ಕಿ."

"ನೀ ದುರ್ಬೀನದಾಗ ಹಕ್ಕಿ ನೋಡ್ತಿ ಅಂತ ಹೇಳಿದ್ದಿ."

"ನೋಡ್ತೀನಿ. ಸತ್ತಾವನ್ನ ಕೊಯ್ತೀನಿ ಸಹಿತ."

ಅಮರೇಶಪ್ಪ ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡ. ಪಿಂಕಿಗೆ ಅವನು ಏನು ನೋಡುತ್ತಿದ್ದಾನೆಂದು ಗೊತ್ತಿತ್ತು. ಆ ಕಥೆ ಕೇಳಿಯೇ ಅವಳು ಬೆಳೆದದ್ದು.

ಅಮರೇಶಪ್ಪನ ಅಪ್ಪ, ಅವನ ಅಪ್ಪ, ಎಲ್ಲರೂ ಊರಿನ ಸತ್ತ ದನ ಎಳೆದವರು, ಸುಲಿದವರು. ಅಮರೇಶಪ್ಪ ಮದುವೆಯಾದ ವರ್ಷ ಗೌಡರ ಎತ್ತು ಸತ್ತಿತು. ಕರೆ ಬಂತು. ಅವನು ಅಗಸಿಯವರೆಗೆ ಹೋಗಿ ನಿಂತು, "ಬದುಕಿದ್ದಾಗ ನೀವ ಹೂಡಿದ್ರಿ. ಸತ್ತ ಮ್ಯಾಲ ನೀವ ಎಳೀರಿ," ಎಂದ. ಏಟು ಬಿದ್ದವು. ತುಟಿ ಒಡೆಯಿತು. ಆದರೂ ಎಳೆಯಲಿಲ್ಲ. ಎತ್ತು ಅಂಗಳದಲ್ಲಿ ಉಬ್ಬಿತು. ಅಗಸಿಯ ಒಳಗೆ ಅಷ್ಟು ಗಂಡಸರಿದ್ದರು, ಒಬ್ಬನೂ ಮುಟ್ಟಲಿಲ್ಲ. ಕೊನೆಗೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗುಡ್ಡದ ಬುಡಕ್ಕೆ ಎಳೆದು ಬಿಟ್ಟರು. ಆಗಿನ್ನೂ ಅಲ್ಲಿ ರಣಹದ್ದುಗಳಿದ್ದವು. ಇಳಿದವು. ಸಂಜೆಯೊಳಗೆ ಎಲುಬು ಮಾತ್ರ ಉಳಿಯಿತು. "ಗೌಡರ ಮರ್ಯಾದಿ ಉಳಿಸಿದ್ದು ಹದ್ದು ನೋಡವಾ," ಎಂದು ಅಮರೇಶಪ್ಪ ಹೇಳುತ್ತಿದ್ದ. "ಯಾರ ಮನಿ ಎತ್ತು ಅಂತ ಕೇಳಲಿಲ್ಲ. ಯಾರು ಹಾಕಿದ್ರು ಅಂತಾನೂ ಕೇಳಲಿಲ್ಲ. ಉಂಡು, ರೆಕ್ಕಿ ಒಣಗಿಸಿಕೊಂಡು ಹೋದ್ವು." ಆ ವಾರವೇ ಅವನು ಹೆಂಡತಿಯನ್ನು ಕರೆದುಕೊಂಡು ಕಾಚಿಗೂಡದಲ್ಲಿ ರೈಲು ಇಳಿದ. ಇಲ್ಲಿ ಯಾರೂ ಅಗಸಿ ಕೇಳಲಿಲ್ಲ. ಊರು ಅವನಿಗೆ ಹಿಡಿಸಿತು.

ಪಿಂಕಿ ಕಾಲೇಜಿಗೆ ಹೋದ ಮೇಲೆ ಆ ರಣಹದ್ದುಗಳು ಯಾಕೆ ಇಲ್ಲವಾದವು ಎಂದು ಓದಿದಳು. ದನಗಳ ನೋವಿಗೆ ಕೊಟ್ಟ ಮದ್ದು ಸತ್ತ ದನದ ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ. ಹೊಟ್ಟೆ ತೆರೆದರೆ ಒಳಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪುಡಿ. ಯಾರೋ ಕೊಯ್ದು ನೋಡಿದ್ದರಿಂದಲೇ ಅದು ಜಗತ್ತಿಗೆ ತಿಳಿಯಿತು. ಅಪ್ಪನ ಕಥೆಯ ಆ ಹಕ್ಕಿಯ ಸಲುವಾಗಿ ಪಿಂಕಿ ಈ ಓದಿಗೆ ಬಂದಳು. ಕೊಯ್ಯುವುದು ಅವಳಿಗೆ ಅಸಹ್ಯವಿರಲಿಲ್ಲ. ಸತ್ತ ಹಕ್ಕಿಯೊಂದು ತನ್ನ ಸಾವಿನ ಕಾರಣ ಹೇಳುವ ಜಾಗ ಅದೊಂದೇ. ಅವಳಿಗೆ ಆ ಕೆಲಸ ಇಷ್ಟವಿತ್ತು. ಅದನ್ನು ಅಪ್ಪನಿಗೆ ಹೇಗೆ ಹೇಳುವುದೆಂದು ತಿಳಿಯದೆ ದುರ್ಬೀನು ಎಂದಿದ್ದಳು.

ಅಮರೇಶಪ್ಪ ಅಂಗೈ ಮಡಚಿದ.

"ಕೊಯ್ಯೋದು ತಪ್ಪಲ್ಲವಾ. ದವಾಖಾನಿ ಡಾಕ್ಟರೂ ಕೊಯ್ತಾರ. ಆಮ್ಯಾಲ ಅವರಿಗೆ ಚಹಾ ಎಲ್ಲಿ ಕೊಡ್ತಾರ?"

"ಒಳಗ."

"ನಿನಗ?"

"ಮೆಟ್ಟಲ ಮ್ಯಾಲ."

"ಬ್ಯಾರೆ ಯಾರ್ ಕೊಯ್ತಾರ ಅಲ್ಲಿ?"

"ಯಾರೂ ಇಲ್ಲ."

ಅಪ್ಪ ಡಬ್ಬಿಯನ್ನು ಹತ್ತಿರ ಎಳೆದುಕೊಂಡ. ಕೇಕ್ ತಿಂದ. ಕೈಗೆ ಹತ್ತಿದ ಕ್ರೀಮನ್ನು ನೆಕ್ಕಿ, "ರುಚಿ ಐತಿ," ಎಂದ. ಅಷ್ಟೇ. ಬೈದಿದ್ದರೆ ಪಿಂಕಿ ವಾದ ಮಾಡುತ್ತಿದ್ದಳು. ವಾದಕ್ಕೆ ಅವಳ ಹತ್ತಿರ ಎಂ.ಎಸ್ಸಿ. ಪದವಿ ಇತ್ತು. ರುಚಿ ಐತಿ ಎನ್ನುವವನ ಹತ್ತಿರ ಏನು ವಾದ?

ಬೇಸಿಗೆ ಏರಿತು. ನಾಚಾರಂ ಆಚೆಯ ಮಲ್ಲನ್ನ ಕುಂಟೆ ಎಂಬ ಕೆರೆಯಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತಿವೆ, ಕೊಕ್ಕರೆಗಳು ಬೀಳುತ್ತಿವೆ ಎಂದು ಅಲ್ಲಿನ ಜನ ಫೋನು ಮಾಡಿದರು. ಯಾರೋ ಟ್ಯಾಂಕರ್ ತಂದು ಏನೋ ಸುರಿದು ಹೋಗಿದ್ದರು. ಪಿಂಕಿ ಮತ್ತು ತರುಣ ಬೆಳಿಗ್ಗೆಯೇ ಜೀಪು ತೆಗೆದುಕೊಂಡು ಹೋದರು. ತರುಣ ವಾರಂಗಲ್ಲಿನವನು, ಅವಳಿಗಿಂತ ಒಂದು ವರ್ಷ ಕಿರಿಯ ಸಂಶೋಧಕ. ಪಿಂಕಿಯನ್ನು ಅಕ್ಕ ಎನ್ನುತ್ತಿದ್ದ. ಇವರ ಲ್ಯಾಬಿನಲ್ಲಿ ಇದ್ದೂ ಇದ್ದೂ ಒಂದು ಥರದ ಕನ್ನಡ ಕಲಿತಿದ್ದ.

ಕುಂಟೆಯ ನೀರಿಗೆ ಬಣ್ಣವಿತ್ತು. ಹಸಿರೂ ಅಲ್ಲ, ಕಂದೂ ಅಲ್ಲ. ದಡದ ಮೇಲೆ ಬಣ್ಣದ ಕೊಕ್ಕರೆಗಳು ಒಗೆದು ಒಣಹಾಕಿದ ಬಟ್ಟೆಯ ಹಾಗೆ ಬಿದ್ದಿದ್ದವು. ಬಾಲದ ಹತ್ತಿರದ ಗುಲಾಬಿ ಗರಿಗಳು ಮಾತ್ರ ಗಾಳಿಗೆ ಅಲುಗುತ್ತಿದ್ದವು. ಪಿಂಕಿ ಮೊಣಕಾಲಿನವರೆಗೆ ಕೆಸರಿಗಿಳಿದು ಒಂದೊಂದನ್ನೇ ಎತ್ತಿದಳು. ಬೆನ್ನು ಸೆಟೆಯಿತು. ಒಂದು ಇನ್ನೂ ಬದುಕಿತ್ತು, ಕತ್ತು ಎತ್ತಲಾರದು, ಕಣ್ಣು ತೆರೆದಿತ್ತು. ಅದನ್ನು ಅವಳು ಜೀಪಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡಳು. ನಾರಾಯಣಗೂಡ ಬರುವುದರೊಳಗೆ ಅದು ತರುಣನ ಅಂಗಿಯ ಮೇಲೆ ಒಂದು ಇಡೀ ಮೀನು ಕಾರಿತು.

"ಅಕ್ಕಾ! ಕೊತ್ತ, ಹೊಸಾ ಷರ್ಟು ಇದಿ!"

"ಸುಮ್ನಿರೋ, ಅಲಗಾಡಬ್ಯಾಡ. ಸ್ಯಾಂಪಲ್ ಅದು," ಎಂದು ಪಿಂಕಿ ಚಿಮಟ ಹಿಡಿದು ಅವನ ಎದೆಯ ಮೇಲಿನ ಮೀನನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು. "ನಿನ್ನ ಅಂಗಿ ವಿಜ್ಞಾನಕ್ಕ ದಾನ ಆತು ತಿಳಿ."

ಕೇಂದ್ರದಲ್ಲಿ ಪ್ರಾಣೇಶ ಸರ್ ಅವಸರದಲ್ಲಿದ್ದರು. ಮಾಲಿನ್ಯ ನೋಡಿಕೊಳ್ಳುವ ಇಲಾಖೆಯ ಗಾಡಿ ಮಧ್ಯಾಹ್ನಕ್ಕೆ ಐಸ್ ಪೆಟ್ಟಿಗೆ ತರುವುದಿತ್ತು. ಮರುದಿನದಿಂದ ಸಾಲುರಜೆ. ಇಂದು ಮಾದರಿ ಹೋಗದಿದ್ದರೆ ಟ್ಯಾಂಕರ್ ಯಾರದೆಂದು ಹುಡುಕುವ ಮಾತೇ ಇಲ್ಲ. ಬೇಸಿಗೆಯಲ್ಲಿ ಹಕ್ಕಿ ಬೇಗ ಕೆಡುತ್ತದೆ. ಗರಿಯ ಹೊದಿಕೆ ಒಳಗಿನ ಬಿಸಿಯನ್ನು ಹೊರಗೆ ಬಿಡುವುದಿಲ್ಲ.

"ಶುರು ಮಾಡು ಪಿಂಕಿ," ಎಂದರು ಸರ್. "ಮಿದುಳು ಬೇಕ ಬೇಕು."

ಪಿಂಕಿ ಬದುಕಿದ ಕೊಕ್ಕರೆಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ, ಕತ್ತಿನ ಕೆಳಗೆ ಟವೆಲಿನ ಸುರುಳಿ ಇಡುತ್ತಿದ್ದಳು. ಎದ್ದು ನಿಂತಳು. ಈ ಮಾತು ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ.

"ನಾ ಕೊಯ್ಯಂಗಿಲ್ಲ ರೀ ಸರ್."

"ಆರಾಮ ಇಲ್ಲೇನು?"

"ಆರಾಮ ಅದೀನ್ರಿ. ಇವತ್ತು ನಂಗ ಒಳಗ ಕುಂತು ಚಹಾ ಕುಡೀಬೇಕಾಗೇತಿ."

ಸರ್ ನಕ್ಕರು. ಯಾರೂ ಜೊತೆಗೆ ನಗಲಿಲ್ಲ. ನಗು ಒಂಟಿಯಾಗಿ ನಿಂತುಹೋಯಿತು.

"ಚಹಾದ ಸಲುವಾಗಿ ಕೊಯ್ಯೂದಿಲ್ಲಂತೀ?"

"ಹೌದ್ರಿ. ಚಹಾದ ಸಲುವಾಗಿ."

"ಪಿಂಕಿ, ಅಲ್ಲಿ ಪಕ್ಷಿ ಸಾಯ್ಲಿಕ್ಕತ್ತಾವ. ಇದು ಹಟ ಮಾಡೂ ಹೊತ್ತಲ್ಲ."

ಆ ಮಾತು ತಾಗಿತು. ಅವಳ ಕೈಯಲ್ಲಿ ಇನ್ನೂ ಆ ಕೆರೆಯ ಕೆಸರಿತ್ತು. ಮೇಜಿನ ಮೇಲೆ ಸತ್ತ ಕೊಕ್ಕರೆಯ ಮೈ ಬಿಸಿಯೇರುತ್ತಿತ್ತು. ಒಳಗೆ ಒಂದೊಂದೇ ಕೋಶ ಕರಗುತ್ತಿತ್ತು. ಅದು ಅವಳಿಗೆ ಕಣ್ಣಿಗೆ ಕಂಡ ಹಾಗೇ ಗೊತ್ತಾಗುತ್ತಿತ್ತು. ಕೈಬೆರಳು ತಾವಾಗಿಯೇ ಕೈಗವಸಿನ ಡಬ್ಬಿಯ ಕಡೆ ಹೋದವು. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಗೊತ್ತೈತ್ರಿ ಸರ್. ಇಲ್ಲಿ ಇಷ್ಟು ಮಂದಿ ಅದೀವಿ. ಯಾರರ ಕೊಯ್ರಿ. ನಾ ಕಲಿಸ್ತೀನಿ."

"ಆತು, ಆತು. ಇವತ್ತೊಂದು ದಿನ ಒಳಗ ಬಾ. ನಾನ ಹೇಳ್ಲಿಕ್ಕತ್ತೀನಿ."

"ಇವತ್ತೊಂದು ದಿನ ಬ್ಯಾಡ್ರಿ. ಬೋರ್ಡು ತೆಗೀರಿ."

"ಅದು ಬಯೋಸೇಫ್ಟಿ. ಯಾರೋ ಒಬ್ಬರ ಸಲುವಾಗಿ ತೆಗೀಲಿಕ್ಕೆ ಬರೂದಿಲ್ಲ."

"ಯಾರೋ ಒಬ್ಬರ ಸಲುವಾಗಿನ ಹಚ್ಚೀರಲ್ರಿ."

ಲ್ಯಾಬಿನ ಹಳೆಯ ಫ್ಯಾನು ಕಟಕಟ ಎನ್ನುತ್ತಿತ್ತು. ಸರ್ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ, "ನಿನ್ನ ಫೆಲೋಶಿಪ್ ಮುಂದಿನ ತಿಂಗಳು ಮುಗೀತದ. ಅದಕ್ಕ ಸಹಿ ನಂದು ಬೇಕು. ನೆನಪದ ಏನು?" ಎಂದರು.

"ನೆನಪೈತ್ರಿ."

ನಿಜವಾಗಿಯೂ ನೆನಪಿತ್ತು. ಮುಂದಿನ ತಿಂಗಳಿಂದ ಮನೆಗೆ ಏನು ಕೊಡುವುದೆಂದು ನೆನೆದು ಹೆದರಿದಳು. ಅಗಸಿಯಲ್ಲಿ ನಿಂತ ಅಪ್ಪನಿಗೂ ಹೀಗೇ ಆಗಿರಬೇಕು ಎಂದುಕೊಂಡಳು. ಕಥೆಯಲ್ಲಿ ಅಪ್ಪ ಆ ಭಾಗ ಯಾವತ್ತೂ ಹೇಳಿರಲಿಲ್ಲ.

ಆಗ ಚಿನ್ಮಯಿ ಮೊಳೆಯಿಂದ ಏಪ್ರನ್ ತೆಗೆದು ಕೊರಳಿಗೆ ಹಾಕಿಕೊಂಡಳು. ಚಿನ್ಮಯಿ ಧಾರವಾಡದ ಮನೆತನದವಳು. ಅವಳ ಅಪ್ಪ ಇಲ್ಲಿ ರಕ್ಷಣಾ ಇಲಾಖೆಯ ಸಂಸ್ಥೆಯೊಂದರಲ್ಲಿ ದೊಡ್ಡ ಅಧಿಕಾರಿ, ಪ್ರಾಣೇಶ ಸರ್‌ಗೆ ಗೆಳೆಯ.

"ನಾ ಮಾಡ್ತೀನಿ ಸರ್. ಪಿಂಕಿ ಹೇಳಲಿ."

"ನೀನು ಬ್ಯಾಡ."

"ಯಾಕ ಸರ್?"

"ಬ್ಯಾಡ ಅಂದ್ರ ಬ್ಯಾಡ."

"ಅದ ಕೇಳ್ಲಿಕ್ಕತ್ತೀನಿ ಸರ್, ಯಾಕ? ನಂದೂ ಎಂ.ಎಸ್ಸಿ. ಆಗೇದ."

"ನಿಮ್ಮಪ್ಪಗ ನಾ ಏನಂತ ಹೇಳ್ಲಿ ಚಿನ್ಮಯಿ? ನಿನ್ನ ಮಗಳಿಗೆ ಸತ್ತದ್ದು ಸುಲಿಯೂ ಕೆಲಸ ಹಚ್ಚೀನಿ ಅಂತ ಹೇಳ್ಲೇನು?"

ಹೇಳಿದ ಮೇಲೆ ಸರ್‌ಗೂ ಕೇಳಿಸಿತು. ಅವರು ಮೇಜಿನ ಮೇಲಿನ ಚಾಕು, ಕತ್ತರಿಗಳ ಕಡೆ ನೋಡಿದರು. ಎಷ್ಟೋ ಹಕ್ಕಿಗಳನ್ನು ಆ ಮೇಜಿನ ಮೇಲೆ ಪಿಂಕಿ ಬಿಚ್ಚಿ ಒಳಗಿನದನ್ನು ಹೊರಗಿಟ್ಟಿದ್ದಳು. ಇಂದು ಚಾಕು ಮುಟ್ಟದೆಯೇ ಒಬ್ಬರ ಒಳಗಿನದು ಬಿಚ್ಚಿಕೊಂಡು ಬಿದ್ದಿತ್ತು.

ಪಿಂಕಿಗೆ ಸಿಟ್ಟು ಬರಬೇಕಿತ್ತು. ನಗು ಬಂತು.

"ನಮ್ಮಪ್ಪಗೂ ಒಬ್ಬರು ಇದನ್ನ ಹೇಳಬೇಕಾಗಿತ್ತು ನೋಡ್ರಿ ಸರ್. ಯಾರೂ ಹೇಳಲಿಲ್ಲ. ನಾನ ಹೇಳಿದೆ," ಎಂದಳು.

ಚಿನ್ಮಯಿಯ ಕಿವಿ ಕೆಂಪಾಗಿತ್ತು. ಅವಳು ಕೈಗವಸು ಏರಿಸಿದಳು. ಎಡಗೈಯದನ್ನು ಬಲಗೈಗೆ ಹಾಕಿಕೊಂಡು ಮತ್ತೆ ಬಿಚ್ಚಿದಳು. "ಎಲ್ಲಿಂದ ಸುರು ಮಾಡ್ಲಿ?"

"ಮೊದಲ ಗರಿ ನೆನಸು. ಎದಿ ಎಲುಬಿನ ಕೆಳಗ ಚರ್ಮ ಎತ್ತಿ ಹಿಡಿ. ಹೂಂ. ಚಾಕು ಒತ್ತಬ್ಯಾಡ, ಸುಮ್ನ ಎಳಿ."

ಚರ್ಮ ಬಿಟ್ಟುಕೊಂಡಿತು. ವಾಸನೆ ಎದ್ದಿತು. ಚಿನ್ಮಯಿ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಮತ್ತೆ ಕಣ್ಣು ತೆರೆದಳು. ತರುಣ ಹೇಗೂ ಅಂಗಿ ಹೋಗಿದೆಯೆಂದು ರೆಕ್ಕೆಗಳನ್ನು ಹಿಡಿದು ನಿಂತ. "ಅಕ್ಕಾ, ನಂಗೆ ವಾಂತಿ..." ಎಂದ. "ನಿನ್ನ ಮೀನು ಸ್ಯಾಂಪಲ್ ಆಗಂಗಿಲ್ಲ, ನುಂಗು," ಎಂದಳು ಪಿಂಕಿ. ಚಿನ್ಮಯಿಗೆ ನಗು ಬಂದು ಚಾಕು ಅಲ್ಲಾಡಿತು. ಆದರೂ ಪಿತ್ತಕೋಶ ಒಡೆಯಲಿಲ್ಲ.

ಪಿಂಕಿ ಒಬ್ಬಳೇ ಮಾಡಿ ಅಭ್ಯಾಸವಾಗಿದ್ದ ಮಿದುಳು ತೆಗೆಯುವ ಕೆಲಸಕ್ಕೆ ಮಾತ್ರ ಹೊಸಬರಿಬ್ಬರ ಕೈ ಸಾಲಲಿಲ್ಲ. ಒಬ್ಬರು ರೆಕ್ಕೆ ಒತ್ತಿ ಹಿಡಿಯಬೇಕು, ಒಬ್ಬರು ತಲೆಬುರುಡೆ ಕತ್ತರಿಸಬೇಕು, ಇನ್ನೊಬ್ಬರು ಕೊಕ್ಕು ಹಿಡಿದು ತಲೆ ಅಲುಗದಂತೆ ನೋಡಿಕೊಳ್ಳಬೇಕು. ಚಿನ್ಮಯಿ ಬಾಗಿದ್ದಲ್ಲಿಂದಲೇ ಕತ್ತೆತ್ತಿ, "ಸರ್," ಎಂದಳು. ಗಡಿಯಾರ ಗೋಡೆಯ ಮೇಲಿತ್ತು. ಇಲಾಖೆಯ ಗಾಡಿ ದಾರಿಯಲ್ಲಿತ್ತು.

ಪ್ರಾಣೇಶ ಸರ್ ಬಾಗಿಲ ಕಡೆ ನೋಡಿದರು. ಪಿಂಕಿ ಬಾಗಿಲ ಹತ್ತಿರವೇ ನಿಂತಿದ್ದಳು, ಕೈ ಬೆನ್ನ ಹಿಂದೆ. ಸರ್ ಶರ್ಟಿನ ತೋಳು ಮಡಚಿದರು. ಕೈಗವಸು ಹಾಕಿಕೊಂಡರು, ಒಂದರ ಮೇಲೆ ಇನ್ನೊಂದು. ಬಂದು ಸತ್ತ ಕೊಕ್ಕರೆಯ ಉದ್ದ ಹಳದಿ ಕೊಕ್ಕನ್ನು ಹಿಡಿದರು. ಮುಖವನ್ನು ಕಿಟಕಿಯ ಕಡೆ ತಿರುಗಿಸಿದ್ದರು.

"ಇತ್ತಾಗ ನೋಡ್ರಿ ಸರ್," ಎಂದಳು ಪಿಂಕಿ. "ನೋಡದ ಹಿಡದ್ರ ಜಾರ್ತೈತಿ."

ಅವರು ನೋಡಿದರು.

ಮಾದರಿಗಳು ಹೋದವು. ಡಬ್ಬಿಗಳ ಮುಚ್ಚಳ ಬಿಗಿಯಾಗಿತ್ತು, ಐಸು ಕರಗಿರಲಿಲ್ಲ. ಇಲಾಖೆಯ ಡ್ರೈವರ್ ಪೆಟ್ಟಿಗೆ ಹೊತ್ತುಕೊಂಡು ಹೋದ ಮೇಲೆ ಪಿಂಕಿ ಬೇವಿನ ಕೆಳಗೆ ಕೂತು ಬದುಕಿದ ಕೊಕ್ಕರೆಗೆ ಸಪೂರ ಕೊಳವೆಯಿಂದ ನೀರು ಬಿಟ್ಟಳು. ಅದು ಕತ್ತನ್ನು ಟವೆಲಿನಿಂದ ಒಂದು ಬೆರಳಷ್ಟು ಎತ್ತಿತು, ಅವಳನ್ನು ಚುಚ್ಚಲು ನೋಡಿತು, ಗುರಿ ತಪ್ಪಿತು. "ಶಾಬಾಸ್," ಎಂದಳು ಪಿಂಕಿ. ಸಿಟ್ಟು ಬಂತೆಂದರೆ ಹಕ್ಕಿ ಬದುಕುವ ದಾರಿಯಲ್ಲಿದೆ ಎಂದೇ ಅರ್ಥ.

ಆಮೇಲೆ ಸೋಪಿನಿಂದ ಕೈ ತೊಳೆದಳು, ಕಾಲು ತೊಳೆದಳು. ಬೋರ್ಡಿನ ಪಕ್ಕದಿಂದ ಹಾದು ಪ್ಯಾಂಟ್ರಿಯ ಒಳಗೆ ಹೋದಳು. ನಿಯಮದ ಪ್ರಕಾರವೇ ಹೋದಳು. ಆ ದಿನ ಅವಳು ಯಾವ ಶವವನ್ನೂ ಕೊಯ್ದಿರಲಿಲ್ಲ.

ಒಳಗೆ ತಂಪಾಗಿತ್ತು. ಇಷ್ಟು ತಂಪಿರುತ್ತದೆಂದು ಅವಳಿಗೆ ಮರೆತೇ ಹೋಗಿತ್ತು. ಶೆಲ್ಫಿನ ಮೇಲಿಂದ ಗೂಬೆಯ ಮಗ್ಗು ಇಳಿಸಿದಳು. ಧೂಳು ಹಿಡಿದಿತ್ತು. ತಳದಲ್ಲಿ ಒಂದು ಜಿರಳೆ ಕಾಲು ಮೇಲೆ ಮಾಡಿ ಸತ್ತು ಬಿದ್ದಿತ್ತು. ಪಿಂಕಿ ಅದರ ಮೀಸೆ ಹಿಡಿದು ಎತ್ತಿ ಕಿಟಕಿಯಿಂದ ಆಚೆ ಎಸೆದಳು. ಸತ್ತ ಪ್ರಾಣಿಯನ್ನು ಪ್ಯಾಂಟ್ರಿಯ ನಟ್ಟನಡುವೆ ಬರಿಗೈಯಲ್ಲಿ ಮುಟ್ಟಿದಂತಾಯಿತು. ಮಗ್ಗು ತೊಳೆದಳು, ಚಹಾಕ್ಕೆ ನೀರಿಟ್ಟಳು. ಎಲ್ಲರಿಗೂ ಆಗುವಷ್ಟು ಇಟ್ಟಳು. ಶುಂಠಿ ಜಜ್ಜಿದಳು.

ಹೊರಗೆ ಮೆಟ್ಟಿಲ ಮೇಲೆ ಮೂವರೂ ಕೂತಿದ್ದರು. ಶವರಿನಲ್ಲಿ ಸ್ನಾನವಾಗಿತ್ತು, ತಲೆಯಿಂದ ನೀರು ಇಳಿಯುತ್ತಿತ್ತು. ತರುಣ ಲ್ಯಾಬಿನ ಬಿಳಿ ಕೋಟು ತೊಟ್ಟಿದ್ದ, ಒಳಗೆ ಅಂಗಿಯಿರಲಿಲ್ಲ. ಬಿಸಿಲಿಗೆ ಕಲ್ಲು ಕಾದಿತ್ತು. ಚಿನ್ಮಯಿ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಹೊರಳಿ ಕೂತಳು.

"ಎಪ್ಪಾ, ದಿನಾ ಇಲ್ಲೇ ಕೂಡ್ತಿದ್ದೇನ ನೀ?" ಎಂದು ಒಳಗೆ ಕೇಳುವಂತೆ ಕೂಗಿದಳು.

"ಎಡಕ್ಕ ಸರಿ. ಅಲ್ಲಿ ಬೇವಿನ ನೆಳ್ಳು ಬರ್ತೈತಿ," ಎಂದಳು ಪಿಂಕಿ ಕಿಟಕಿಯಿಂದ.

ಪೇಪರ್ ಕಪ್ಪುಗಳನ್ನು ಸರಳುಗಳ ನಡುವಿನಿಂದ ಒಂದೊಂದಾಗಿ ಹೊರಗೆ ದಾಟಿಸಿದಳು. ಓರೆಯಾಗದ ಹಾಗೆ ದಾಟಿಸಿದಳು. ಸರಳಿನ ಮೇಲೆ ಹುಟ್ಟುಹಬ್ಬದ ಕ್ರೀಮಿನ ಕಲೆ ಇನ್ನೂ ಇತ್ತು. ಪ್ರಾಣೇಶ ಸರ್ ಕೊನೆಯದನ್ನು ತೆಗೆದುಕೊಂಡರು. ತೆಗೆದುಕೊಂಡ ಕೂಡಲೇ ಬಿಸಿ ತಾಳದೆ ಈ ಕೈಯ ಕಪ್ಪನ್ನು ಆ ಕೈಗೆ, ಆ ಕೈಯದನ್ನು ಈ ಕೈಗೆ ಮಾಡಿದರು. ಅವರ ಊಟದ ಡಬ್ಬಿ ಪ್ಯಾಂಟ್ರಿಯ ಫ್ರಿಜ್ಜಿನಲ್ಲಿತ್ತು. ಹೊಟ್ಟೆ ಹಸಿದ ಹೊತ್ತು. ಅವರು ಕಿಟಕಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು.

"ಪಿಂಕಿ, ಎಲ್ಲಾರದೂ ಸ್ನಾನ ಆತು. ಈಗ ಒಳಗ ಬರಬಹುದಲ್ಲ?"

ಪಿಂಕಿ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದಳು. ಗೂಬೆಯ ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಪಿಂಗಾಣಿ ದಪ್ಪ, ಕೈಗೆ ಹಿತವಾದ ಬಿಸಿ ಮಾತ್ರ ತಾಗುತ್ತಿತ್ತು. ಒಂದು ಗುಟುಕು ಕುಡಿದು ಹೇಳಿದಳು.

"ನನ್ನ ಕೇಳಿದ್ರ ಹೆಂಗ್ರಿ ಸರ್. ಬೋರ್ಡು ಹಚ್ಚಿದಾವ್ರು ನೀವು, ತೆಗಿಯಾವ್ರೂ ನೀವ. ತೆಗಿಯೂತನಕಾ ಒಂದ್ರೊಳಗ ಒಂದು ಎರಡು ಕಪ್ಪು ಹಾಕಿ ಹಿಡೀರಿ, ಬೆರಳು ಸುಡಂಗಿಲ್ಲ."